ಕೆಳಗಿನ ಮನೆಯಲ್ಲಿ ಕೂತು ನಮ್ಮ ಮನೆಯ ಸದ್ದು ಕೇಳಿದೆ

ಈ ಫ್ಲ್ಯಾಟಿಗೆ ಬಂದು ಮೂರು ತಿಂಗಳಾಗಿತ್ತು. ಪರದೆಗೆ ಯಾವ ಬಣ್ಣ, ಸೋಫಾ ಯಾವ ಗೋಡೆಗೆ, ಗಿಡಗಳಿಗೆ ಬಿಸಿಲು ಎಲ್ಲಿ ಬೀಳುತ್ತದೆ ಅಂತ ದಿನವೂ ಮಾತಾಡುತ್ತಿದ್ದೆವು. ನೆಲದ ಬಗ್ಗೆ ಮಾತ್ರ ಯಾರೂ ಯೋಚಿಸಿರಲಿಲ್ಲ. ಹೊಳೆಯುವ ಟೈಲ್ಸ್, ಒರೆಸಿದರೆ ಎರಡು ನಿಮಿಷಕ್ಕೆ ಒಣಗುತ್ತದೆ. ಇನ್ನೇನು ಬೇಕು ಅಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಕೆಳಗಿನ ಮನೆಯ ಅಮ್ಮ ಸಿಕ್ಕರು. ಎಪ್ಪತ್ತು ದಾಟಿದವರು, ಮನೆಯಲ್ಲಿ ಒಬ್ಬರೇ ಇರುತ್ತಾರೆ. "ಏನಮ್ಮಾ, ರಾತ್ರಿ ಹೊತ್ತು ಸಾಮಾನೆಲ್ಲ ಎಳೆದಾಡ್ತೀರಾ?" ಅಂದರು. ಜಗಳದ ದನಿ ಅಲ್ಲ, ನಿದ್ದೆಗೆಟ್ಟವರ ದನಿ. "ಇಲ್ಲಮ್ಮ, ನಾವು ಏನೂ ಎಳೆಯೋದೇ ಇಲ್ಲ" ಅಂದೆ. ಅವರು ಮತ್ತೆ ಮಾತಾಡಲಿಲ್ಲ. ಲಿಫ್ಟ್ ನಿಂತಿತು, ನಿಧಾನವಾಗಿ ನಡೆದುಹೋದರು.

ನಾನು ಸುಳ್ಳು ಹೇಳಿರಲಿಲ್ಲ. ಆದರೂ ಆ ಮಾತು ಇಡೀ ದಿನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅವರು ತಾನೇ ಸುಮ್ನೆ ಯಾಕೆ ಹೇಳುತ್ತಾರೆ? ಸಂಜೆ ಅವರ ಬೆಲ್ ಒತ್ತಿದೆ. "ಅಮ್ಮಾ, ಒಂದರ್ಧ ಗಂಟೆ ನಿಮ್ಮನೇಲಿ ಕೂತ್ಕೊಳ್ಳಲಾ? ನಮ್ಮ ಸದ್ದು ನಿಮಗೆ ಹೇಗೆ ಕೇಳಿಸುತ್ತೆ ಅಂತ ನಾನೇ ಕೇಳಬೇಕು" ಅಂದೆ. ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ "ಬಾ" ಅಂದರು.

ಮೇಲೆ ಇವರಿಗೂ ಮಗನಿಗೂ ಹೇಳಿ ಬಂದಿದ್ದೆ: ನಾನಿಲ್ಲ ಅಂತ ಏನೂ ಬದಲಾಯಿಸಬೇಡಿ, ದಿನಾ ಇರೋ ಹಾಗೇ ಇರಿ ಅಂತ. ಊಟದ ಹೊತ್ತು. ಅಮ್ಮನ ಹಾಸಿಗೆ ಇರುವ ಕೋಣೆ ನಮ್ಮ ಊಟದ ಮೇಜಿನ ಕೆಳಗೇ ಬರುತ್ತದೆ ಅನ್ನುವುದು ಅಲ್ಲಿ ಕೂತಾಗಲೇ ನನಗೆ ಹೊಳೆದದ್ದು. ಮೊದಲು ಟಕ್ ಟಕ್ ಅಂತ ಹಿಮ್ಮಡಿಯ ಸದ್ದು. ನನ್ನ ಮಗ ಬರುತ್ತಿದ್ದಾನೆ ಅಂತ ನಡಿಗೆಯಲ್ಲೇ ಗೊತ್ತಾಯಿತು. ಆಮೇಲೆ ಕರ್ರ್‌ರ್ ಅಂತ ಕುರ್ಚಿ. ಅದೇನು ಸದ್ದು! ಇಡೀ ಸೂರೇ ಯಾರೋ ಗೀರಿದ ಹಾಗೆ. ಮೇಲಿದ್ದಾಗ ಆ ಕುರ್ಚಿ ಸರಿಸುವುದು ನನ್ನ ಕಿವಿಗೆ ಒಂದು ದಿನವೂ ಬಿದ್ದಿರಲಿಲ್ಲ. ಎರಡನೆಯ ಕುರ್ಚಿ. ಕಪಾಟಿನ ಬಾಗಿಲು ದಡ್. ಚಮಚ ಬಿತ್ತು, ಟಿಣ್ ಅಂತ ಮೂರು ಸಲ ಪುಟಿಯಿತು. ಅಷ್ಟೂ ಹೊತ್ತು ಇವರಿಬ್ಬರೂ ಮಾತಾಡುತ್ತಲೇ ಇದ್ದರಂತೆ, ಟಿವಿಯೂ ಹಾಕಿತ್ತಂತೆ. ಅದರಲ್ಲಿ ಒಂದಕ್ಷರವೂ ಕೆಳಗೆ ಕೇಳಿಸಲಿಲ್ಲ.

"ಇದು ದಿನಾನೂ ಇರುತ್ತೆ ಕಣಮ್ಮ. ನಾನು ಎಂಟೂವರೆಗೆ ಮಲಗ್ತೀನಿ" ಅಂದರು ಅಮ್ಮ. ನನಗೆ ಕಣ್ಣು ತುಂಬಿತು.

ಮಾತು ಯಾಕೆ ಕೇಳಿಸಲಿಲ್ಲ, ಕುರ್ಚಿ ಯಾಕೆ ಕೇಳಿಸಿತು? ಇದು ಗೊತ್ತಾದ ಮೇಲೆಯೇ ನನ್ನ ಕೆಲಸ ಸುಲಭವಾಗಿದ್ದು. ಮಾತು, ಟಿವಿ, ಇವೆಲ್ಲ ಗಾಳಿಯಲ್ಲಿ ಹೋಗುವ ಸದ್ದು. ದಪ್ಪನೆಯ ಕಾಂಕ್ರೀಟ್ ಸ್ಲ್ಯಾಬ್ ಭಾರವಾಗಿರುತ್ತದೆ, ಗಾಳಿಯ ಅಲೆಗೆ ಅದನ್ನು ಅಲುಗಿಸಲು ಆಗುವುದಿಲ್ಲ. ಆದರೆ ಕುರ್ಚಿಯ ಕಾಲು ನೇರವಾಗಿ ಸ್ಲ್ಯಾಬನ್ನೇ ತಟ್ಟುತ್ತದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಕಾಂಕ್ರೀಟಿನೊಳಗೆ 3,000 ಮೀಟರಿಗೂ ಜಾಸ್ತಿ ಹೋಗುತ್ತದೆ. ಸ್ಲ್ಯಾಬಿಗೆ ಇಳಿದ ಪೆಟ್ಟು ಕೆಳಗಿನವರ ಸೂರಿಗಷ್ಟೇ ಅಲ್ಲ, ಅವರ ಗೋಡೆಗಳಿಗೂ ಹರಡುತ್ತದೆ. ಹಾಗಾಗಿ ಕೆಳಗಿನವರು ಏನು ಮಾಡಿದರೂ ಪ್ರಯೋಜನ ಕಡಿಮೆ. ಪೆಟ್ಟು ಬೀಳುವ ಜಾಗದಲ್ಲೇ ಅದನ್ನು ಮೆತ್ತಗೆ ಮಾಡಬೇಕು. ಆ ಜಾಗ ಇರುವುದು ಮೇಲಿನ ಮನೆಯಲ್ಲಿ, ಅಂದರೆ ನಮ್ಮ ಮನೆಯಲ್ಲಿ.

ಮರುದಿನವೇ ಕುರ್ಚಿಗಳನ್ನೆಲ್ಲ ತಲೆಕೆಳಗು ಮಾಡಿದೆ. ಕಾಲುಗಳ ತುದಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಗುಂಡಿ, ಅದೂ ಸವೆದು ಒಂದೆರಡು ಕಡೆ ಮೊಳೆಯ ತಲೆ ಕಾಣುತ್ತಿತ್ತು. ಅಂಟಿಸುವ ಫೆಲ್ಟ್ ಪ್ಯಾಡ್, ಅಂದರೆ ಕಂಬಳಿಯಂಥ ದಪ್ಪ ಮೆತ್ತನೆ ಬಟ್ಟೆಯ ತುಂಡು, ತಂದು ಹಚ್ಚಿದೆ. ಹತ್ತೇ ದಿನ, ಅರ್ಧದಷ್ಟು ಕಿತ್ತು ಬಂದವು. ಧೂಳು ಒರೆಸದೆ ಅಂಟಿಸಿದ್ದೆ, ತಪ್ಪು ನನ್ನದೇ. ಎರಡನೇ ಸಲ ಹಳೆಯ ಗೋಂದನ್ನೆಲ್ಲ ಕೆರೆದೆ, ಕಾಲಿನ ತುದಿಗೆ ಸ್ವಲ್ಪ ಉಪ್ಪುಕಾಗದ ಉಜ್ಜಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಲು ಬಿಟ್ಟೆ. ಪ್ಯಾಡನ್ನು ಕಾಲಿನ ತುದಿಗಿಂತ ಒಂದು ಚೂರು ಚಿಕ್ಕದಾಗಿ ಕತ್ತರಿಸಿದೆ. ಅಂಚು ಹೊರಗೆ ಚಾಚಿದರೆ ಕುರ್ಚಿ ಸರಿಸುವಾಗ ಅಲ್ಲಿಂದಲೇ ಸಿಪ್ಪೆ ಏಳುತ್ತದೆ. ಅಂಟಿಸಿದ ಮೇಲೆ ಒಂದು ರಾತ್ರಿ ಕುರ್ಚಿಗಳನ್ನು ಹಾಗೇ ತಲೆಕೆಳಗಾಗಿ ಬಿಟ್ಟೆ. ಆ ಪ್ಯಾಡುಗಳು ತಿಂಗಳುಗಟ್ಟಲೆ ನಿಂತವು. ಬಾಲ್ಕನಿಯ ಕಬ್ಬಿಣದ ಪೈಪಿನ ಕುರ್ಚಿಗೆ ಮಾತ್ರ ಫೆಲ್ಟ್ ನಿಲ್ಲುವುದಿಲ್ಲ, ಅದಕ್ಕೆ ಕಾಲುಚೀಲದ ಹಾಗೆ ಏರಿಸುವ ರಬ್ಬರ್ ಟೋಪಿಯೇ ಸರಿ. ಮರದ ಕಾಲಾದರೆ ಮೊಳೆ ಇರುವ ಫೆಲ್ಟ್ ಹೊಡೆಯಬಹುದು. ಒಂದು ಮಾತು ನೆನಪಿರಲಿ, ಫೆಲ್ಟಿನೊಳಗೆ ಮರಳು ಕಣ ಸಿಕ್ಕಿಕೊಳ್ಳುತ್ತದೆ. ಒಂದೆರಡು ತಿಂಗಳಿಗೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ ತೆಗೆಯದಿದ್ದರೆ ಅದೇ ಟೈಲ್ಸನ್ನು ಗೀರುತ್ತದೆ, ಸದ್ದೂ ವಾಪಸ್ ಬರುತ್ತದೆ.

ಇಡೀ ಕೆಲಸದಲ್ಲಿ ಇದಕ್ಕೆ ಆದ ಖರ್ಚೇ ಎಲ್ಲಕ್ಕಿಂತ ಕಡಿಮೆ, ಇದರಿಂದ ಸಿಕ್ಕ ಫಲವೇ ಎಲ್ಲಕ್ಕಿಂತ ಜಾಸ್ತಿ. ಈಗ ಅಂಗಡಿಯಲ್ಲಿ ಕುರ್ಚಿ ನೋಡಿದರೆ ಮೊದಲು ಅದರ ಕಾಲನ್ನೇ ನೋಡುತ್ತೇನೆ. ಬಣ್ಣ, ಬಟ್ಟೆ ಎಲ್ಲ ಆಮೇಲೆ.

ನಂತರ ವಾಷಿಂಗ್ ಮಷಿನ್. ಬಟ್ಟೆ ಹಿಂಡುವಾಗ ನಮ್ಮ ಮಷಿನಿನ ಡ್ರಮ್ ನಿಮಿಷಕ್ಕೆ 1,000ಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ನಾಲ್ಕು ಕಾಲುಗಳಲ್ಲಿ ಒಂದು ನೆಲಕ್ಕೆ ಸರಿಯಾಗಿ ಕೂರದಿದ್ದರೆ ಪ್ರತಿ ಸುತ್ತಿಗೂ ನೆಲಕ್ಕೊಂದು ಏಟು. ಮೇಲಿನ ಮೂಲೆಗಳನ್ನು ಎದುರುಬದುರು ಒತ್ತಿ ನೋಡಿದೆ, ಒಂದು ಕಡೆ ಅಲುಗಾಡಿತು. ಮಟ್ಟ ನೋಡುವ ಸ್ಪಿರಿಟ್ ಲೆವೆಲ್ ಇಟ್ಟು ಕಾಲಿನ ತಿರುಪು ಸರಿಮಾಡಿ, ಲಾಕ್ ನಟ್ ಬಿಗಿ ಮಾಡಿದೆ. ಆಮೇಲೆ ದಪ್ಪ ರಬ್ಬರ್ ಪ್ಯಾಡ್. ಮೊದಲೇ ಪ್ಯಾಡ್ ಇಟ್ಟು ಸುಮ್ಮನಾದರೆ ಮಷಿನ್ ಇನ್ನೂ ಜಾಸ್ತಿ ಕುಣಿಯಬಹುದು. ಒಂದೇ ಒಂದು ಭಾರದ ಬೆಡ್‌ಶೀಟ್ ಹಾಕಿ ಹಿಂಡಿಸುವುದನ್ನೂ ಬಿಟ್ಟೆ. ಅದು ಮುದ್ದೆಯಾಗಿ ಒಂದೇ ಪಕ್ಕಕ್ಕೆ ಕೂರುತ್ತದೆ.

ಕಪಾಟಿನ ಬಾಗಿಲುಗಳ ಒಳಮೂಲೆಗೆ ಸಿಲಿಕೋನ್ ಗುಂಡಿ ಅಂಟಿಸಿದ್ದು ಹತ್ತು ನಿಮಿಷದ ಕೆಲಸ. ಮಿಕ್ಸಿಯ ಕೆಳಗೆ ಒಂದು ರಬ್ಬರ್ ಹಾಳೆ. ನೆಲದ ಮೇಲಿದ್ದ ಸ್ಪೀಕರ್ ಮೇಜಿಗೆ ಹೋಯಿತು, ಅದರ ಅಡಿಗೂ ಒಂದು ದಪ್ಪ ಸ್ಪಂಜು.

ನಡಿಗೆಯದ್ದು ಮಾತ್ರ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಊಟದ ಮೇಜಿನಿಂದ ಕೋಣೆಗಳವರೆಗೆ ಕಾರ್ಪೆಟ್ ಹಾಸಿದೆ. ನೋಡಲು ತುಂಬ ಚೆನ್ನಾಗಿತ್ತು. ಆದರೆ ತೆಳ್ಳಗಿನ ಕಾರ್ಪೆಟ್ ಒಂದೇ ಹಾಸಿದಾಗ ಕೆಳಗೆ ಹೋಗಿ ಕೇಳಿದರೆ ವ್ಯತ್ಯಾಸ ಅಲ್ಪಸ್ವಲ್ಪ. ಅದರ ಅಡಿಗೆ 8 ಮಿಲಿಮೀಟರ್ ದಪ್ಪದ ಫೆಲ್ಟ್ ಪ್ಯಾಡ್ ಹಾಸಿದ ಮೇಲೆ ಟಕ್ ಅನ್ನುವ ಚುರುಕು ಹೋಯಿತು. ಗಟ್ಟಿ ನೆಲಕ್ಕೆ ಪೆಟ್ಟು ಬಿದ್ದರೆ ಅದು ಕ್ಷಣದಲ್ಲಿ ಮುಗಿದುಹೋಗುತ್ತದೆ, ಅದಕ್ಕೇ ಅಷ್ಟು ಚೂಪಾದ ಸದ್ದು. ಮಧ್ಯೆ ಮೆತ್ತನೆಯದೇನಾದರೂ ಇದ್ದರೆ ಅದೇ ಪೆಟ್ಟು ನಿಧಾನವಾಗಿ ಇಳಿಯುತ್ತದೆ. ಹಿಮ್ಮಡಿ ಊರಿ ನಡೆಯುವಾಗಿನ ಧಮ್ ಅನ್ನುವ ಭಾರದ ಸದ್ದು ಮಾತ್ರ ಕಾರ್ಪೆಟ್ಟಿಗೂ ಪೂರ್ತಿ ಬಗ್ಗುವುದಿಲ್ಲ. ಅದಕ್ಕೆ ನಡಿಗೆಯೇ ಬದಲಾಗಬೇಕು. ಮೆತ್ತನೆಯ ಅಟ್ಟೆಯ ಮನೆ ಚಪ್ಪಲಿ ತಂದೆವು. ಮಗನಿಗೆ ಬೈಯಲಿಲ್ಲ. ಒಂದು ಸಂಜೆ ಅವನನ್ನೂ ಕೆಳಗೆ ಕರೆದುಕೊಂಡು ಹೋಗಿ ಕೂರಿಸಿದೆ, ನಾನು ಮೇಲೆ ಅವನ ಹಾಗೇ ನಡೆದೆ. ಮೇಲೆ ಬಂದವನು "ಅಮ್ಮಾ, ಅಜ್ಜಿಗೆ ಇಷ್ಟು ಕೇಳಿಸುತ್ತಾ?" ಅಂದ. ಅವತ್ತಿನಿಂದ ಅವನು ಓಡಿದರೆ ಕಾರ್ಪೆಟ್ ಮೇಲೇ ಓಡುತ್ತಾನೆ.

ದಂಡವಾದ ಖರ್ಚನ್ನೂ ಹೇಳಿಬಿಡುತ್ತೇನೆ. ಗೋಡೆಗೆ ಅಂಟಿಸುವ ಗೂಡುಗೂಡಾದ ಫೋಮ್ ಹಾಳೆಗಳನ್ನು ತರಿಸಿದ್ದೆ. ಅವು ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತವೆ, ಅಷ್ಟೇ. ಸದ್ದು ಗೋಡೆ ದಾಟಿ ಹೋಗುವುದನ್ನು ಅವು ತಡೆಯುವುದಿಲ್ಲ. ಮೊಟ್ಟೆಯ ಟ್ರೇ ಅಂಟಿಸಿದರೂ ಅದೇ ಕಥೆ. ಸದ್ದನ್ನು ತಡೆಯಲು ಭಾರ ಬೇಕು, ಹಗುರವಾದ ಫೋಮಿಗೆ ಅದೆಲ್ಲಿಂದ ಬರಬೇಕು? ದಪ್ಪ ಪರದೆಯೂ ಹಾಗೇ, ಹಾಲ್‌ನಲ್ಲಿ ಮಾತು ಮೊಳಗುವುದು ಕಡಿಮೆಯಾಯಿತು, ಪಕ್ಕದ ಮನೆಗೆ ಹೋಗುವ ಸದ್ದಿಗೆ ಏನೂ ಆಗಲಿಲ್ಲ. ನಿಜವಾಗಿ ಉಪಯೋಗಕ್ಕೆ ಬಂದದ್ದು ಮುಂಬಾಗಿಲ ಸಂದಿಗೆ ಹಾಕಿದ ರಬ್ಬರ್ ಪಟ್ಟಿ. ಗಾಳಿ ನುಸುಳುವ ಕಡೆಯೆಲ್ಲ ಸದ್ದೂ ನುಸುಳುತ್ತದೆ. ಬಾಗಿಲು ಎಷ್ಟೇ ದಪ್ಪ ಇರಲಿ, ಅಡಿಯಲ್ಲಿ ಬೆರಳಗಲ ಸಂದಿ ಇದ್ದರೆ ಕಾರಿಡಾರಿನ ಮಾತೆಲ್ಲ ಒಳಗೆ ಬರುತ್ತದೆ.

ಒಂದು ತಿಂಗಳ ನಂತರ ಮತ್ತೆ ಅಮ್ಮನ ಕೋಣೆಯಲ್ಲಿ ಕೂತೆ. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಇತ್ತು. ಅದು ಕರಾರುವಾಕ್ಕಲ್ಲ, ಆದರೆ ಮೊದಲು ಹೇಗಿತ್ತು, ಈಗ ಹೇಗಿದೆ ಅಂತ ಹೋಲಿಸಲು ಸಾಕು. ಮಲಗುವ ಕೋಣೆಯಲ್ಲಿ ರಾತ್ರಿ ಒಟ್ಟಾರೆ ಸದ್ದು 30 ಡೆಸಿಬೆಲ್ ಆಸುಪಾಸು ಇರಬೇಕು, ಬಿಡಿಬಿಡಿಯಾಗಿ ಬರುವ ಸದ್ದು 45 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ. 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಹೆಚ್ಚುಕಡಿಮೆ ಅರ್ಧವಾದ ಹಾಗೆ ಅನ್ನಿಸುತ್ತದೆ. ಕುರ್ಚಿ ಎಳೆದಾಗ ಮೊದಲು ಎಗರುತ್ತಿದ್ದ ಮುಳ್ಳು ಈಗ ಅಲುಗಲೂ ಇಲ್ಲ. ಅಮ್ಮ ಮಾತ್ರ "ಎಲ್ಲ ಸರಿ ಕಣಮ್ಮ, ಆದ್ರೆ ರಾತ್ರಿ ಎರಡು ಗಂಟೆಗೆ ಗೋಲಿ ಉದುರಿಸ್ತೀರಲ್ಲ, ಅದೊಂದಿದೆ" ಅಂದರು.

ನಮ್ಮ ಮನೆಯಲ್ಲಿ ಗೋಲಿ ಇಲ್ಲ. ಎರಡು ಗಂಟೆಗೆ ಎಚ್ಚರ ಇರುವವರೂ ಇಲ್ಲ. ಎರಡು ರಾತ್ರಿ ಅಲಾರಂ ಇಟ್ಟು ಎದ್ದು ಕೂತೆ. ಎರಡನೇ ರಾತ್ರಿ ನನಗೂ ಕೇಳಿಸಿತು, ಟಕ್, ಟಕ್‌ಟಕ್, ಟಕಟಕ. ಬಾತ್‌ರೂಮಿನ ಗೋಡೆಯ ಕಡೆಯಿಂದ. ಪ್ಲಂಬರ್ ಬಂದು ಪೈಪುಗಳು ಇಳಿಯುವ ಡಕ್ಟ್ ತೆರೆದು ನೋಡಿದರೆ ನೀರಿನ ಪೈಪಿನ ಎರಡು ಕ್ಲ್ಯಾಂಪ್ ಸಡಿಲವಾಗಿದ್ದವು. ಯಾವುದೋ ಮನೆಯಲ್ಲಿ ಯಾರೋ ಲಿವರ್ ನಲ್ಲಿಯನ್ನು ಫಟ್ ಅಂತ ಮುಚ್ಚಿದರೆ ಹರಿಯುತ್ತಿದ್ದ ನೀರು ಒಮ್ಮೆಲೇ ನಿಂತು ಪೈಪಿಗೆ ಹೊಡೆತ ಬೀಳುತ್ತದೆ, ಸಡಿಲ ಪೈಪು ಗೋಡೆಗೆ ಬಡಿಯುತ್ತದೆ. ರಬ್ಬರ್ ಪಟ್ಟಿ ಸುತ್ತಿ ಕ್ಲ್ಯಾಂಪ್ ಬಿಗಿ ಮಾಡಿದರು. ಗೋಲಿ ನಿಂತಿತು. ಮೇಲಿನಿಂದ ಬಂದ ಹಾಗೆ ಕೇಳಿಸುವ ಸದ್ದೆಲ್ಲ ಮೇಲಿನ ಮನೆಯದ್ದೇ ಆಗಿರಬೇಕಿಲ್ಲ. ಜಗಳಕ್ಕೆ ಹೋಗುವ ಮುಂಚೆ ಇದನ್ನೊಂದು ನೋಡಿ, ದಯವಿಟ್ಟು.

ಇವೆಲ್ಲಕ್ಕಿಂತ ಮೊದಲೇ ನಾವು ಮಾಡಬಹುದಾಗಿದ್ದ ಕೆಲಸ ಒಂದಿತ್ತು. ಕೆಳಗಿನವರು ಎಷ್ಟು ಹೊತ್ತಿಗೆ ಮಲಗುತ್ತಾರೆ, ಮಧ್ಯಾಹ್ನ ಮಲಗುವ ಅಭ್ಯಾಸ ಇದೆಯಾ, ಅವರ ಹಾಸಿಗೆ ಯಾವ ಕೋಣೆಯಲ್ಲಿದೆ ಅಂತ ಬಂದ ವಾರವೇ ಕೇಳಬಹುದಿತ್ತು. ಈಗ ನಮ್ಮ ಬಟ್ಟೆ ಒಗೆಯುವುದು ಬೆಳಿಗ್ಗೆ ಹತ್ತರ ಮೇಲೆ. ಗೋಡೆಗೆ ಡ್ರಿಲ್ ಮಾಡಿಸುವುದಿದ್ದರೆ ಹಿಂದಿನ ದಿನವೇ ಕೆಳಗೆ ಹೇಳಿ ಬರುತ್ತೇನೆ. ಹೇಳಿ ಮಾಡಿದ ಸದ್ದನ್ನು ಅಮ್ಮ ಒಂದು ಸಲವೂ ಆಡಿಕೊಂಡಿಲ್ಲ.

ಮೊನ್ನೆ ಲಿಫ್ಟಿನಲ್ಲಿ ಸಿಕ್ಕಾಗ "ಊರಿಗೆ ಹೋಗಿದ್ರಾ? ನಾಕು ದಿನದಿಂದ ನೀವು ಇದ್ದೀರೋ ಇಲ್ವೋ ಗೊತ್ತೇ ಆಗ್ಲಿಲ್ಲ" ಅಂದರು. ನಾವು ಎಲ್ಲಿಗೂ ಹೋಗಿರಲಿಲ್ಲ, ಮನೆಯಲ್ಲೇ ಇದ್ದೆವು. ಮಗನ ಕುರ್ಚಿಯ ಹಿಂದಿನ ಎಡಗಾಲಿನ ಫೆಲ್ಟ್ ಮಾತ್ರ ತೆಳ್ಳಗಾಗಿದೆ. ಈ ಭಾನುವಾರ ಬದಲಾಯಿಸಬೇಕು.