ಮಗುವಿನ ಮಾರ್ಕ್ಸ್ ಕಾರ್ಡ್ ಓದುವುದು ಹೇಗೆ? ಬೈಯುವುದಕ್ಕೆ ಮೊದಲು ಇಷ್ಟು ಮಾಡಿ

ಮೇ ತಿಂಗಳು ಬಂತೆಂದರೆ ನಮ್ಮ ಮನೆ ಕಟ್ಟೆಗೆ ಜನ ಬರುತ್ತಾರೆ. ಮಾವಿನಹಣ್ಣು ತರುವವರು ಕಡಿಮೆ, ಮಾರ್ಕ್ಸ್ ಕಾರ್ಡ್ ತರುವವರು ಜಾಸ್ತಿ. ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಹೈಸ್ಕೂಲುಗಳಲ್ಲಿ 31 ವರ್ಷ ಗಣಿತ ಕಲಿಸಿ 2022ರಲ್ಲಿ ನಿವೃತ್ತಳಾದವಳು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೂ ಎಷ್ಟೋ ಸಲ ಹೋಗಿದ್ದೇನೆ. "ಅಕ್ಕೋರ, ನೋಡ್ರಿ ಇವನ ಹಣೆಬರಹ" ಅಂತ ಅಪ್ಪ ಮೊಬೈಲ್ ಮುಂದೆ ಹಿಡಿಯುತ್ತಾನೆ. ಹುಡುಗ ಹಿಂದೆ ನಿಂತು ತನ್ನ ಚಪ್ಪಲಿ ನೋಡುತ್ತಿರುತ್ತಾನೆ.

ಪಬ್ಲಿಕ್ ಪರೀಕ್ಷೆ ಬೇಕೋ ಬೇಡವೋ ಅನ್ನುವುದಕ್ಕೆ ನಮ್ಮ ಮನೆಯಲ್ಲೇ ಎರಡು ಪಕ್ಷ ಇದೆ. ನನ್ನ ತಮ್ಮನಿಗೆ ಪರೀಕ್ಷೆ ಅಂದರೆ ಮೈಯೆಲ್ಲ ಉರಿ. ನನ್ನ ನೆಗೆಣ್ಣಿಗೆ ಒಂದನೇ ಕ್ಲಾಸಿನಿಂದಲೇ ಬೋರ್ಡ್ ಪರೀಕ್ಷೆ ಇಟ್ಟರೂ ಸಾಲದು. ಹಬ್ಬದ ಊಟದಲ್ಲಿ ಇಬ್ಬರೂ ಹೋಳಿಗೆ ಬಿಟ್ಟು ಇದನ್ನೇ ಹಿಡಿದು ಕೂರುತ್ತಾರೆ. ನಾನು ಇಬ್ಬರಿಗೂ ಕೇಳುವುದು ಒಂದೇ: ಅಂಕ ನೋಡಿದಿರಿ ಸರಿ, ಆ ಪರೀಕ್ಷೆ ಕೇಳಿದ್ದು ಏನನ್ನು ಅಂತ ನೋಡಿದಿರಾ?

ಅದನ್ನು ನೋಡುವ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಪೆನ್ಸಿಲ್, ಎರಡು ಬಣ್ಣದ ಪೆನ್ನು, ಒಂದು ಸಂಜೆ ಬಿಡುವು ಇದ್ದರೆ ಸಾಕು.

ಮೊದಲು ಅಂಕವನ್ನು ಎರಡು ಪಾಲು ಮಾಡಿ

ಎಸ್ಸೆಸ್ಸೆಲ್ಸಿ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಆ ನೂರರಲ್ಲಿ 80 ಮಾತ್ರ ಮಗು ಪರೀಕ್ಷಾ ಕೊಠಡಿಯಲ್ಲಿ ಕೂತು ಬರೆದದ್ದು. ಉಳಿದ 20 ಆಂತರಿಕ ಅಂಕ, ಅಂದರೆ ಶಾಲೆಯವರೇ ಕೊಡುವುದು. ಪ್ರಥಮ ಭಾಷೆಯಲ್ಲಿ ಇದು 100 ಮತ್ತು 25. ಕೈಯಲ್ಲಿರುವ ಕಾಗದದಲ್ಲಿ ಇವು ಬೇರೆ ಬೇರೆ ಕಾಣದಿದ್ದರೆ ಶಾಲೆಯಲ್ಲಿ ಕೇಳಿ. ಆಂತರಿಕ ಅಂಕದ ಪಟ್ಟಿ ಅವರ ಹತ್ತಿರ ಇರುತ್ತದೆ.

ಒಂದು ಗುಟ್ಟು ಹೇಳುತ್ತೇನೆ. ಅದು ಗುಟ್ಟೇನೂ ಅಲ್ಲ, ಎಲ್ಲರಿಗೂ ಗೊತ್ತಿರುವುದೇ. ಆ 20ರಲ್ಲಿ ನಾನು ಹೆಚ್ಚಿನ ಮಕ್ಕಳಿಗೆ 18, 19 ಕೊಟ್ಟಿದ್ದೇನೆ. ಪಕ್ಕದೂರಿನ ಶಾಲೆಯವರು ಎಲ್ಲರಿಗೂ 20 ಕೊಡುವಾಗ ನಾನು ಸತ್ಯವಂತೆ ಆಗಿ 14 ಕೊಟ್ಟರೆ ನಷ್ಟ ಆಗುವುದು ನನ್ನ ಮಕ್ಕಳಿಗೆ. ಹಾಗಾಗಿ ಬರಹದ ಅಂಕವನ್ನಷ್ಟೇ ತೆಗೆದು 80ಕ್ಕೆ ಲೆಕ್ಕ ಹಾಕಿ. ಹೋದ ವರ್ಷ ಒಬ್ಬ ಹುಡುಗ ಗಣಿತದಲ್ಲಿ 58 ತಂದಿದ್ದ. ಅದರಲ್ಲಿ 19 ಆಂತರಿಕ, 39 ಬರಹದ್ದು. 80ಕ್ಕೆ 39 ಅಂದರೆ ನೂರಕ್ಕೆ 49 ಆಯಿತು. ಅಪ್ಪನಿಗೆ 58 ಕಂಡೇ ಸಿಟ್ಟು ಬಂದಿತ್ತು. ಇದನ್ನು ಹೇಳಲು ನನಗೆ ಸ್ವಲ್ಪ ಧೈರ್ಯ ಬೇಕಾಯಿತು.

ತಮ್ಮ ಹೇಳುತ್ತಾನೆ, "ಮಗು ಹೇಗೆ ಕಲಿಯುತ್ತದೆ ಅಂತ ದಿನಾ ನೋಡುವವರು ಶಾಲೆಯ ಟೀಚರ್. ಅವರೇ ಅಂಕ ಕೊಡಲಿ." ಮಾತು ಚೆನ್ನಾಗಿದೆ. ಆದರೆ 1975ರಲ್ಲಿ ನಾನು ಏಳನೇ ತರಗತಿಯಲ್ಲಿದ್ದಾಗ ನಮ್ಮ ಮಾಸ್ತರರೊಬ್ಬರು ಹೆಣ್ಣುಮಕ್ಕಳ ಲೆಕ್ಕದ ಪಟ್ಟಿಯನ್ನು ತೆರೆದೂ ನೋಡುತ್ತಿರಲಿಲ್ಲ. ನಮ್ಮ ಕಡೆ ಹಿರಿಯರು ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಗೆ ಮುಲ್ಕಿ ಅನ್ನುತ್ತಿದ್ದರು. ಆ ಪರೀಕ್ಷೆಯ ಪೇಪರ್ ತಿದ್ದಿದವರಿಗೆ ನಾನು ಯಾರ ಮಗಳು, ಯಾವ ಓಣಿಯವಳು ಏನೂ ಗೊತ್ತಿರಲಿಲ್ಲ. ಅವರ ಮುಂದೆ ಇದ್ದದ್ದು ಬರೀ ಒಂದು ನಂಬರು. ಫಸ್ಟ್ ಕ್ಲಾಸ್ ಬಂತು. ಅಪ್ಪ ಅಂಕಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು ಹೈಸ್ಕೂಲಿಗೆ ನಡೆದ. ಪರೀಕ್ಷೆಯೇ ಬೇಡ ಅನ್ನುವವರ ಜೊತೆ ನಾನು ಪೂರ್ತಿ ಸೇರದೆ ಇರುವುದಕ್ಕೆ ಆ ನಾಲ್ಕು ಮಡಿಕೆ ಕಾಗದವೇ ಕಾರಣ.

ಆಮೇಲೆ ಯಾವ ವರ್ಷ ಅಂತ ನೋಡಿ

ಎಲ್ಲರಿಗೂ ಒಂದೇ ಪೇಪರ್ ಅಂದರೆ ಎಲ್ಲ ವರ್ಷಕ್ಕೂ ಒಂದೇ ಅಳತೆ ಅಂತಲ್ಲ. ನಮ್ಮ ಓಣಿಯ ಅಕ್ಕ ತಂಗಿಯರ ಕತೆ ಕೇಳಿ. ಅಕ್ಕ 2021ರವಳು. ಕೋವಿಡ್ ವರ್ಷ. ಜುಲೈ 19 ಮತ್ತು 22, ಎರಡೇ ದಿನ ಪರೀಕ್ಷೆ. ಒಂದೊಂದು ವಿಷಯಕ್ಕೆ 40 ಬಹುಆಯ್ಕೆ ಪ್ರಶ್ನೆ. ಹೆಚ್ಚುಕಡಿಮೆ ಬರೆದವರೆಲ್ಲರೂ ಪಾಸು. ತಂಗಿ 2024ರವಳು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಬಿತ್ತು. ಅದೂ ಗ್ರೇಸ್ ಅಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ!

ಮನೆಯಲ್ಲಿ ತಂಗಿಗೆ ವರ್ಷವಿಡೀ ಒಂದೇ ಮಾತು: "ಅಕ್ಕನ ಹಾಗೆ ತೆಗೀಲಿಲ್ಲ." ಒಬ್ಬಳನ್ನು ಸೇರಿನಲ್ಲಿ ಅಳೆದು ಇನ್ನೊಬ್ಬಳನ್ನು ತಕ್ಕಡಿಯಲ್ಲಿ ತೂಗಿ ಯಾರು ಜಾಸ್ತಿ ಅಂತ ಕೇಳಿದ ಹಾಗಾಯಿತು. ಹೋಲಿಸಲೇಬೇಕು ಅಂತಿದ್ದರೆ ಅದೇ ವರ್ಷ, ಅದೇ ಪೇಪರ್ ಬರೆದವರ ಜೊತೆ ಹೋಲಿಸಿ. ಅಣ್ಣ, ಅಕ್ಕ, ದೊಡ್ಡಪ್ಪನ ಮಗ, ಇವರನ್ನೆಲ್ಲ ಬಿಟ್ಟುಬಿಡಿ.

ಪಾಸಿನ ಗೆರೆಯೂ ಹಾಗೆಯೇ. ನಮಗೆಲ್ಲ 35 ಅಂದರೆ ದೇವರು ಬರೆದ ಗೆರೆ. 2025-26ರಿಂದ ಅದು 33 ಆಗಿದೆ, ಒಟ್ಟು 625ಕ್ಕೆ 206. ಗೆರೆ ಎಳೆದವರೇ ಅಳಿಸಿ ಬೇರೆ ಕಡೆ ಎಳೆಯಬಹುದು. 34 ಬಂದ ಮಗು ದಡ್ಡ, 35 ಬಂದದ್ದು ಜಾಣ ಅಂತ ಯಾವ ಮೌಲ್ಯಮಾಪಕನೂ ನಂಬುವುದಿಲ್ಲ. ಗೆರೆಗೆ ಚೂರು ಕಡಿಮೆ ಬಿದ್ದ ಪೇಪರ್ ಕೈಗೆ ಬಂದರೆ ನಾವು ಮೊದಲ ಪುಟದಿಂದ ಮತ್ತೆ ತಿರುವಿ ಎಲ್ಲಾದರೂ ಅರ್ಧ ಅಂಕ ಸಿಗುತ್ತದಾ ಅಂತ ಹುಡುಕುತ್ತೇವೆ.

ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಳ್ಳಿ

ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಫಲಿತಾಂಶ ಬಂದ ಮೇಲೆ ಉತ್ತರ ಪತ್ರಿಕೆಯ ಪ್ರತಿಗೆ ಆನ್‌ಲೈನ್ ಅರ್ಜಿ ಹಾಕಬಹುದು. ವಿಷಯಕ್ಕೆ ಇಷ್ಟು ಅಂತ ಶುಲ್ಕ ಇರುತ್ತದೆ. ಗಡುವು ಕಡಿಮೆ, ನೆಂಟರ ಮನೆಗೆ ಹೋಗಿ ಬರುವಷ್ಟರಲ್ಲಿ ಮುಗಿದಿರುತ್ತದೆ. ಜನ ಪ್ರತಿ ತರಿಸುವುದು ಮರುಮೌಲ್ಯಮಾಪನಕ್ಕೆ ಹಾಕಲು ಮಾತ್ರ. ನಾನು ಹೇಳುವುದು, ಅಂಕ ಜಾಸ್ತಿ ಆಗಲಿ ಬಿಡಲಿ, ಓದುವುದಕ್ಕಾಗಿಯಾದರೂ ತರಿಸಿ.

ಬಂದ ತಕ್ಷಣ ಮೊದಲು ಕೂಡಿಕೆ ನೋಡಿ. ಪ್ರತಿ ಪುಟದಲ್ಲಿ ಅಂಕ ಬಿದ್ದಿದೆಯಾ, ಅದು ಮೊದಲ ಪುಟದ ಪಟ್ಟಿಗೆ ಬಂದಿದೆಯಾ ನೋಡಿ. ಗಣಿತವಾದರೆ ಗ್ರಾಫ್ ಹಾಳೆ ಕೊನೆಯಲ್ಲಿ ಕಟ್ಟಿರುತ್ತಾರೆ, ಅದನ್ನು ತಪ್ಪದೆ ನೋಡಿ. ನಾನೇ ಒಂದು ಸಲ ಮಧ್ಯಾಹ್ನದ ಹೊತ್ತು, ಕರೆಂಟಿಲ್ಲ, ಕಟ್ಟು ಮುಗಿಸುವ ಅವಸರ, ಗ್ರಾಫ್ ಹಾಳೆ ತಿರುವದೆ ಮುಂದೆ ಹೋಗಿದ್ದೆ. ಉಪ ಮುಖ್ಯ ಮೌಲ್ಯಮಾಪಕರು ಹಿಡಿದರು. ಹಿಡಿಯದಿದ್ದರೆ ಯಾವುದೋ ಮಗುವಿನ ನಾಲ್ಕು ಅಂಕ ನನ್ನ ಬೆವರಿನಲ್ಲಿ ಹೋಗುತ್ತಿತ್ತು. ಆ ಮಗುವಿನ ನಂಬರ್ ಇವತ್ತಿಗೂ ನೆನಪಿದೆ.

ಕೂಡಿಕೆ ಸರಿಯಿದ್ದರೆ ಈಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಂಕ ಹೋದ ಕಡೆಯೆಲ್ಲ ಒಂದು ಗುರುತು ಹಾಕಿ. ಹೋದ ಅಂಕಗಳಲ್ಲಿ ಮೂರು ಜಾತಿ.

ಗೊತ್ತೇ ಇರಲಿಲ್ಲ ಅನ್ನುವುದಕ್ಕೆ ಕೆಂಪು ಪೆನ್ನು. ಪಾಠವೇ ಬಂದಿಲ್ಲ, ಜಾಗ ಖಾಲಿ ಇದೆ, ಇಲ್ಲವೇ ಏನೋ ತುಂಬಿಸಿದೆ.

ಗೊತ್ತಿತ್ತು, ಬರೆಯಲಿಲ್ಲ ಅನ್ನುವುದಕ್ಕೆ ಹಸಿರು. ಪ್ರಮೇಯ ಬರೆಯುವಾಗ ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಒಂದೊಂದಕ್ಕೂ ಕೀ ಉತ್ತರದಲ್ಲಿ ಅಂಕ ಇರುತ್ತದೆ. ಮಗು ಸಾಧನೆ ಪೂರ್ತಿ ಬರೆದು ದತ್ತ ಬಿಟ್ಟಿರುತ್ತದೆ. ಗ್ರಾಫ್ ಎಳೆದು ಪ್ರಮಾಣ (ಸ್ಕೇಲ್) ಬರೆದಿರುವುದಿಲ್ಲ. ಉತ್ತರ 154 ಅಂತ ಬಂದಿದೆ, ಚದರ ಸೆಂಟಿಮೀಟರ್ ಇಲ್ಲ. ಅರ್ಧ, ಅರ್ಧ, ಅರ್ಧ. ಹೀಗೆ ಹೋದದ್ದು ಗೊತ್ತೇ ಆಗುವುದಿಲ್ಲ.

ಮೂರನೆಯದು ಪ್ರಶ್ನೆಯೇ ಅರ್ಥವಾಗದೆ ಹೋದದ್ದು. ಇದಕ್ಕೆ ಪೆನ್ಸಿಲ್. ಅಪ್ಪ ಅಮ್ಮ ಇದನ್ನು ನೋಡುವುದೇ ಇಲ್ಲ. ನಾನು ಹೇಳಿದ ಆ 39ರ ಹುಡುಗನ ಪೇಪರ್ ಹಿಡಿದು ಕೂತೆವು. ಹೋದದ್ದು 41 ಅಂಕ. ಕೆಂಪು 14, ಅದರಲ್ಲಿ ಬಹುಪಾಲು ತ್ರಿಕೋನಮಿತಿ. ಹಸಿರು 16. ಪೆನ್ಸಿಲ್ 11. ಒಂದು ಲೆಕ್ಕದಲ್ಲಿ ಆಯತದ ಉದ್ದ ಅಗಲಕ್ಕಿಂತ ಮೂರು ಮೀಟರ್ ಹೆಚ್ಚು ಅಂತಿತ್ತು. ಇವನು ಅಗಲದ ಮೂರರಷ್ಟು ಅಂತ ತಿಳಿದು, ಆಮೇಲಿನ ಹೆಜ್ಜೆಗಳನ್ನೆಲ್ಲ ಚೊಕ್ಕವಾಗಿ ಬಿಡಿಸಿದ್ದ. ನಾನು ಅದನ್ನೇ ಬಾಯಿಂದ ಓದಿ ಹೇಳಿದೆ. ಎರಡು ನಿಮಿಷದಲ್ಲಿ ಉತ್ತರ ಬಂತು.

ಹುಡುಗ ಲೆಕ್ಕದಲ್ಲಿ ದಡ್ಡ ಅಂತ ಅಪ್ಪ ಟ್ಯೂಷನ್ ಹುಡುಕುತ್ತಿದ್ದ. ಅವನಿಗೆ ಬೇಕಿದ್ದದ್ದು ನಿಧಾನವಾಗಿ ಕನ್ನಡ ಓದುವ ಅಭ್ಯಾಸ. 58 ಅನ್ನುವ ಸಂಖ್ಯೆ ನೂರು ವರ್ಷ ದಿಟ್ಟಿಸಿದರೂ ಇದನ್ನು ಹೇಳುವುದಿಲ್ಲ. ಪೇಪರ್ ಒಂದು ಗಂಟೆಯಲ್ಲಿ ಹೇಳಿತು. ಕೆಂಪು ಹೆಚ್ಚಿದ್ದರೆ ಪಾಠ ಮತ್ತೆ ಕಲಿಸಬೇಕು. ಹಸಿರು ಹೆಚ್ಚಿದ್ದರೆ ಹಳೇ ಪ್ರಶ್ನೆಪತ್ರಿಕೆ ಹಿಡಿದು ಪೂರ್ತಿ ಉತ್ತರ ಬರೆದು ರೂಢಿ ಮಾಡಬೇಕು. ಪೆನ್ಸಿಲ್ ಹೆಚ್ಚಿದ್ದರೆ ದಿನಾ ಅರ್ಧ ಪುಟ ಪೇಪರೋ ಕತೆಯೋ ಗಟ್ಟಿಯಾಗಿ ಓದಿಸಿ, "ಏನು ಹೇಳಿದ್ದಾರೆ?" ಅಂತ ಕೇಳಬೇಕು. 2024ರಿಂದ ಪರೀಕ್ಷೆ-1, ಪರೀಕ್ಷೆ-2 ಅಂತ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಅವುಗಳಲ್ಲಿ ಯಾವುದು ಚೆನ್ನಾಗಿದೆಯೋ ಅದೇ ಅಂಕ ಉಳಿಯುತ್ತದೆ. ಆದರೆ ಬಣ್ಣ ನೋಡದೆ ಸುಮ್ನೆ ಪರೀಕ್ಷೆ-2ಕ್ಕೆ ಕೂರಿಸಿದರೆ ಅದೇ ತಪ್ಪು ಎರಡನೇ ಸಲ ಬರೆದು ಬರುತ್ತಾರೆ.

ಸಣ್ಣ ಮಕ್ಕಳಿಗೆ ಬೇರೆ ದಾರಿ

ಐದನೇ ತರಗತಿಗೆ ಬೋರ್ಡ್ ಪರೀಕ್ಷೆ ಬೇಕು ಅನ್ನುವ ನೆಗೆಣ್ಣಿಯ ಜೊತೆ ನನ್ನ ಜಗಳ ಇಲ್ಲೇ. 2024ರ ಮಾರ್ಚ್ 11ಕ್ಕೆ 5, 8, 9ನೇ ತರಗತಿಯ ಪರೀಕ್ಷೆ ಶುರುವಾಯಿತು. ಮರುದಿನವೇ ಸುಪ್ರೀಂ ಕೋರ್ಟ್ ಆದೇಶ ಬಂದು ನಿಂತಿತು. ಹೈಕೋರ್ಟ್ ಒಪ್ಪಿದ ಮೇಲೆ 25ರಿಂದ ಉಳಿದ ಪೇಪರ್‌ಗಳು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಮತ್ತೆ ತಡೆ ಕೊಟ್ಟು, ಫಲಿತಾಂಶ ಹೇಳಬೇಡಿ ಅಂದಿತು. ಪಕ್ಕದ ಮನೆಯ ಹನ್ನೊಂದು ವರ್ಷದ ಹುಡುಗಿ ಬೇಸಿಗೆ ರಜೆಯಲ್ಲಿ ನನ್ನ ಹತ್ತಿರ ಬಂದು ಕೇಳಿದಳು, "ಅಕ್ಕೋರ, ನಾನು ಪಾಸಾ?" ಕೋರ್ಟಿನಲ್ಲಿ ವಾದ ಏನೇ ಇರಲಿ, ಆ ಮಗುವಿಗೆ ಉತ್ತರ ಕೊಡುವವರು ಯಾರೂ ಇರಲಿಲ್ಲ. ಎಲಿಮೆಂಟರಿ, ಅಂದರೆ ಎಂಟನೇ ತರಗತಿ, ಮುಗಿಯುವ ತನಕ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಬೇಕಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಕಲಂ ಹೇಳುತ್ತದೆ. ನನಗೆ ಅದು ಸರಿ ಅನಿಸುತ್ತದೆ.

ಹಾಗಾದರೆ ಶಾಲೆಗಳು ಕಲಿಸುತ್ತಿವೆಯೋ ಇಲ್ಲವೋ ಸರ್ಕಾರಕ್ಕೆ ಗೊತ್ತಾಗುವುದು ಹೇಗೆ ಅಂತ ನೆಗೆಣ್ಣಿ ಕೇಳುತ್ತಾಳೆ. ಅನ್ನ ಬೆಂದಿದೆಯಾ ನೋಡಲು ಇಡೀ ಪಾತ್ರೆ ಹಿಸುಕುತ್ತೀಯಾ? 2024ರ ಡಿಸೆಂಬರ್ 4ರಂದು ದೇಶದಲ್ಲಿ 3, 6, 9ನೇ ತರಗತಿಯ ಕೆಲವು ಮಕ್ಕಳನ್ನಷ್ಟೇ ಆರಿಸಿ ಪರಖ್ ಅನ್ನುವ ಕಲಿಕೆ ಅಳೆಯುವ ಸಮೀಕ್ಷೆ ಮಾಡಿದರು. ಯಾವ ಮಗುವಿಗೂ ಪಾಸು ಫೇಲು ಇಲ್ಲ. ಜಿಲ್ಲೆಯ ಸ್ಥಿತಿ ತಿಳಿಯಲು ಅಷ್ಟು ಸಾಕು.

ನಿಮ್ಮ ಮಗುವಿನ ಸ್ಥಿತಿ ತಿಳಿಯಲು ಮನೆಯಲ್ಲೇ ನೋಡಿ. 2005ರಿಂದ ಅಸರ್ ಸಮೀಕ್ಷೆಯವರು ಹಳ್ಳಿ ಮನೆಗಳಿಗೆ ಹೋಗಿ ಮಾಡುವುದು ಇಂಥದ್ದನ್ನೇ. ಎರಡನೇ ತರಗತಿ ಮಟ್ಟದ ಒಂದು ಸಣ್ಣ ಕತೆ ಕೊಡಿ. ತಡವರಿಸದೆ ಓದುತ್ತದಾ ಕೇಳಿ. ಆಗದಿದ್ದರೆ ನಾಲ್ಕು ಸಣ್ಣ ವಾಕ್ಯ, ಅದೂ ಆಗದಿದ್ದರೆ ಬಿಡಿ ಪದ, ಆಮೇಲೆ ಅಕ್ಷರ. ಲೆಕ್ಕಕ್ಕೆ ದಶಕ ತೆಗೆದುಕೊಳ್ಳುವ ಒಂದು ಕಳೆಯುವ ಲೆಕ್ಕ ಕೊಡಿ, 52ರಲ್ಲಿ 27 ಕಳೆ ಅಂತ. ಅದು ಬಂದರೆ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ. ಹತ್ತು ನಿಮಿಷದ ಕೆಲಸ. ಟಿವಿ ಆರಿಸಿರಿ, ಬೇರೆ ಮಕ್ಕಳನ್ನು ಹೊರಗೆ ಕಳಿಸಿ, ಮುಖ್ಯವಾಗಿ ಅಜ್ಜಿ ಉತ್ತರ ಹೇಳಿಕೊಡದ ಹಾಗೆ ನೋಡಿಕೊಳ್ಳಿ. ಮುಗಿದ ಮೇಲೆ ಅಂಕ ಕೊಡಬೇಡಿ. ಎಲ್ಲಿ ನಿಂತಿತೋ ಅಲ್ಲಿಂದ ಓದಿಸಲು ಶುರು ಮಾಡಿ.

ಸಿಇಟಿ ಬಗ್ಗೆ ಎರಡೇ ಮಾತು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅರ್ಧ, ಸಿಇಟಿ ಅರ್ಧ ಹಿಡಿಯುತ್ತಾರೆ. ಒಂದೇ ದಿನದ ಮೇಲೆ ಪೂರ್ತಿ ಭಾರ ಹಾಕದ ಈ ಪದ್ಧತಿ ನನಗೆ ಇಷ್ಟ. ಪೇಪರ್ ತೆಗೆಯುವವರೂ ತಪ್ಪುತ್ತಾರೆ ಅನ್ನುವುದಕ್ಕೆ 2024ರ ಸಿಇಟಿ ಇದೆ: ನಾಲ್ಕು ವಿಷಯದ 240 ಪ್ರಶ್ನೆಗಳಲ್ಲಿ 50 ಪಠ್ಯದ ಹೊರಗಿನವು ಅಂತ ಬಿಟ್ಟು ಮೌಲ್ಯಮಾಪನ ಮಾಡಬೇಕಾಯಿತು. ರ‍್ಯಾಂಕ್ ನೋಡಿ ಮನೆಯಲ್ಲಿ ರಂಪ ಮಾಡುವ ಮೊದಲು ಇದೊಂದು ನೆನಪಿರಲಿ.

ನಮ್ಮ ಮನೆಗೆ ಬರುವವರು ಸಂಜೆ ಐದರ ಮೇಲೆ ಬನ್ನಿ. ಮೊಬೈಲಿನ ಸ್ಕ್ರೀನ್‌ಶಾಟ್ ಬೇಡ, ಉತ್ತರ ಪತ್ರಿಕೆಯ ಪ್ರತಿ ತನ್ನಿ. ಪೆನ್ನು ನನ್ನ ಹತ್ತಿರ ಇದೆ. ಮಗುವನ್ನು ಕರೆತನ್ನಿ, ಚಪ್ಪಲಿ ಹೊರಗೆ ಬಿಡಿಸಿ, ನನ್ನ ಪಕ್ಕ ಕೂರಿಸಿ. ನೀವು ಒಳಗೆ ಹೋಗಿ ನಮ್ಮ ಮನೆಯವರ ಜೊತೆ ಚಹಾ ಕುಡಿಯಿರಿ. ನಾನು ಕರೆಯುವ ತನಕ ಕಟ್ಟೆಗೆ ಬರಬೇಡಿ.