ಪರದೇಶದಲ್ಲಿ ಸಕ್ಕರೆಗೆ ಬದಲಿ: ಡಬ್ಬಿಯ ಹಿಂಬದಿ ಓದಿ ಕೊಳ್ಳುವುದು ಹೇಗೆ?

ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆಯಿಂದ ಮಗಳ ಬಾಣಂತನಕ್ಕೆಂದೋ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದು ಬರಲೆಂದೋ ಅಮೆರಿಕ, ಇಂಗ್ಲೆಂಡ್, ಸಿಂಗಪುರಗಳಿಗೆ ಹೋಗುವ ಹಿರಿಯರಲ್ಲಿ, ದುಡಿಯಲೆಂದು ದುಬೈ, ರಿಯಾದ್‌ಗಳಿಗೆ ಹೋಗುವವರಲ್ಲಿ ಸಕ್ಕರೆ ಕಾಯಿಲೆ ಇರುವವರು ಬಹಳ ಮಂದಿ ಇದ್ದಾರೆ. ಗುಳಿಗೆ, ಇನ್ಸುಲಿನ್, ವೈದ್ಯರ ಚೀಟಿ ಎಲ್ಲವನ್ನೂ ಜೋಪಾನವಾಗಿ ಕಟ್ಟಿಕೊಳ್ಳುವ ಇವರು ಚಹಾಕ್ಕೆ ಹಾಕುವ ಸಿಹಿ ಗುಳಿಗೆಯ ಮಾತು ಬಂದರೆ ‘ಅದೆಲ್ಲ ಅಲ್ಲೇ ಸಿಗುತ್ತದೆ ಬಿಡಿ’ ಎಂದು ಹೊರಟುಬಿಡುತ್ತಾರೆ. ಸಿಗುವುದೇನೋ ನಿಜ. ಆದರೆ ಅಲ್ಲಿ ಸಾಲಾಗಿ ಜೋಡಿಸಿಟ್ಟ ಹತ್ತಾರು ಪೊಟ್ಟಣಗಳಲ್ಲಿ ತಪ್ಪಾದುದನ್ನು ಎತ್ತಿಕೊಂಡು, ಸಕ್ಕರೆ ಬಿಟ್ಟಿದ್ದೇನೆಂಬ ನಂಬಿಕೆಯಲ್ಲೇ ದಿನಕ್ಕೆ ಮೂರು ಲೋಟ ಸಕ್ಕರೆ ನೀರು ಕುಡಿಯುವವರನ್ನು ನಾನು ಮೇಲಿಂದ ಮೇಲೆ ಕಂಡಿದ್ದೇನೆ.

ಹೊರಡುವ ಮೊದಲು

ನೀವು ಈಗ ಬಳಸುತ್ತಿರುವ ಡಬ್ಬಿಯನ್ನು ತಿರುಗಿಸಿ, ಅದರಲ್ಲಿರುವ ವಸ್ತು ಯಾವುದೆಂದು ಬರೆದಿಟ್ಟುಕೊಳ್ಳಿ. ಆಸ್ಪರ್ಟೇಮ್, ಸುಕ್ರಲೋಸ್, ಸ್ಯಾಕರಿನ್, ಸ್ಟೀವಿಯಾ, ಇವುಗಳಲ್ಲೊಂದು ಸಾಮಾನ್ಯವಾಗಿ ಇರುತ್ತದೆ. ಕಂಪನಿಯ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ವಸ್ತುವಿನ ಹೆಸರು ಬದಲಾಗುವುದಿಲ್ಲ. ಒಂದು ತಿಂಗಳಿಗೆ ಸಾಲುವಷ್ಟು ಗುಳಿಗೆಯನ್ನು ಒಡೆಯದ ಡಬ್ಬಿಯಲ್ಲೇ ಒಯ್ಯಿರಿ. ಹೆಸರಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಬಿಳಿ ಪುಡಿ ಕಟ್ಟಿಕೊಂಡು ವಿಮಾನ ನಿಲ್ದಾಣಕ್ಕೆ ಹೋಗಬೇಡಿ.

ಯಾವುದನ್ನು ಒಯ್ಯಬೇಕೆಂದು ಕೇಳಿದರೆ ನನ್ನ ಉತ್ತರ ಒಂದೇ: ಸುಕ್ರಲೋಸ್ ಗುಳಿಗೆ. ಚಹಾ ಕುದಿಯುವಾಗಲೇ ಪಾತ್ರೆಗೆ ಸಿಹಿ ಹಾಕುವ ರೂಢಿ ನಮ್ಮದು. ಆಸ್ಪರ್ಟೇಮ್ ಹೆಚ್ಚು ಹೊತ್ತು ಕಾದರೆ ಸಿಹಿ ಕಳೆದುಕೊಳ್ಳುತ್ತದೆ, ಸುಕ್ರಲೋಸ್ ಶಾಖವನ್ನು ತಡೆದುಕೊಳ್ಳುತ್ತದೆ. ಆಸ್ಪರ್ಟೇಮ್ ಇರುವುದಾದರೆ ಅದನ್ನು ಕಪ್ಪಿಗೆ ಸೋಸಿದ ಮೇಲೆಯೇ ಹಾಕಬೇಕು. ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟು ಕಾಯಿಲೆ ಇರುವವರು ಆಸ್ಪರ್ಟೇಮನ್ನು ಮುಟ್ಟಲೇಬಾರದು.

ಅಂಗಡಿಯಲ್ಲಿ

ಅಲ್ಲಿ ‘ಶುಗರ್ ಫ್ರೀ ಕೊಡಿ’ ಎಂದು ಕೇಳಿದರೆ ಚೂಯಿಂಗ್ ಗಮ್ಮನ್ನೋ ಚಾಕೊಲೇಟನ್ನೋ ತೋರಿಸುತ್ತಾರೆ. ‘ಸ್ವೀಟ್ನರ್’ ಎಂದು ಕೇಳಿ. ಅಮೆರಿಕದ ಅಂಗಡಿಗಳಲ್ಲಿ ಇದು ಔಷಧಿಯ ಕಡೆ ಇರುವುದಿಲ್ಲ, ಸಕ್ಕರೆ ಮತ್ತು ಮೈದಾ ಹಿಟ್ಟಿನ ಸಾಲಿನಲ್ಲಿರುತ್ತದೆ. ಅಲ್ಲಿನ ಹೋಟೆಲ್ ಮೇಜುಗಳ ಮೇಲಿರುವ ಸಣ್ಣ ಪೊಟ್ಟಣಗಳಲ್ಲಿ ಗುಲಾಬಿ ಬಣ್ಣದ್ದು ಸ್ಯಾಕರಿನ್, ನೀಲಿ ಆಸ್ಪರ್ಟೇಮ್, ಹಳದಿ ಸುಕ್ರಲೋಸ್, ಹಸಿರು ಸ್ಟೀವಿಯಾ. ಕಂದು ಪೊಟ್ಟಣದಲ್ಲಿರುವುದು ಅಪ್ಪಟ ಸಕ್ಕರೆ. ಬೆಲ್ಲದಂತೆ ಕಾಣುತ್ತದೆಂದು ಅದನ್ನು ಒಳ್ಳೆಯದೆಂದು ತಿಳಿದು ಹಾಕಿಕೊಳ್ಳುವವರು ಅನೇಕರು. ಈ ಬಣ್ಣಗಳು ರೂಢಿಯೇ ಹೊರತು ಕಾನೂನಲ್ಲ. ಗಡಿ ದಾಟಿ ಕೆನಡಾಕ್ಕೆ ಹೋದರೆ ಅದೇ ಗುಲಾಬಿ ಪೊಟ್ಟಣದಲ್ಲಿ, ಅಮೆರಿಕ 1969ರಲ್ಲಿ ನಿಷೇಧ ಘೋಷಿಸಿದ ಸೈಕ್ಲಮೇಟ್ ಎಂಬ ಸಿಹಿಕಾರಕ ಇರುತ್ತದೆ. ಯುರೋಪಿನಲ್ಲಿ ಹೆಸರಿನ ಬದಲು ಸಂಖ್ಯೆಯನ್ನಷ್ಟೇ ಮುದ್ರಿಸಿರುವುದೂ ಉಂಟು. ಇ950 ಅಸಿಸಲ್ಫೇಮ್, ಇ951 ಆಸ್ಪರ್ಟೇಮ್, ಇ952 ಸೈಕ್ಲಮೇಟ್, ಇ954 ಸ್ಯಾಕರಿನ್, ಇ955 ಸುಕ್ರಲೋಸ್, ಇ960 ಸ್ಟೀವಿಯಾ. ಇವನ್ನು ಒಂದು ಕಾಗದದಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡರೆ ಸಾಕು.

ಲೇಬಲ್ ಓದುವುದು

ಜನ ಎಡವುವುದು ಇಲ್ಲಿ, ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಡಬ್ಬಿಯ ಮುಂಬದಿಯಲ್ಲಿ ಬರೆದದ್ದು ಮಾರುವವನ ಮಾತು. ಅದನ್ನು ಬಿಟ್ಟು ಹಿಂಬದಿಗೆ ಹೋಗಿ.

ಒಂದು ಕಿತ್ತಳೆ ರಸದ ಡಬ್ಬಿಯನ್ನು ಕೈಗೆ ತೆಗೆದುಕೊಳ್ಳಿ. ಮುಂದೆ ದಪ್ಪಕ್ಷರದಲ್ಲಿ ‘ನೋ ಆಡೆಡ್ ಶುಗರ್’ ಎಂದಿರುತ್ತದೆ. ಅದು ಸುಳ್ಳೂ ಅಲ್ಲ, ಕಂಪನಿಯವರು ಮೇಲಿಂದ ಸಕ್ಕರೆ ಸುರಿದಿಲ್ಲ. ಈಗ ಹಿಂದಿನ ಕೋಷ್ಟಕದಲ್ಲಿ ಬೆರಳಿಟ್ಟು ಕೆಳಗಿಳಿಯಿರಿ. ಒಟ್ಟು ಕಾರ್ಬೋಹೈಡ್ರೇಟ್, ಅದರ ಕೆಳಗೆ ಸಕ್ಕರೆ: ನೂರು ಮಿಲಿಲೀಟರಿಗೆ ಎಂಟು ಗ್ರಾಮಿನ ಆಸುಪಾಸು. ಹಣ್ಣಿನೊಳಗೇ ಇರುವ ಸಕ್ಕರೆ ಇದು. ದೊಡ್ಡ ಲೋಟ ತುಂಬ, ಅಂದರೆ 250 ಮಿಲಿಲೀಟರ್ ಕುಡಿದರೆ 20 ಗ್ರಾಂ ಒಳಗೆ ಹೋಯಿತು. ಸಾಮಾನ್ಯ ಕೋಲಾದ 330 ಮಿಲಿಲೀಟರ್ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಇರುತ್ತದೆ ಎಂಬುದನ್ನು ನೆನೆದರೆ ರಸದ ಲೋಟವೂ ಅದಕ್ಕಿಂತ ತೀರ ದೂರವಿಲ್ಲ. ‘ಸಕ್ಕರೆ ಸೇರಿಸಿಲ್ಲ’ ಎಂಬುದು ಬೇರೆ, ‘ಸಕ್ಕರೆ ಇಲ್ಲ’ ಎಂಬುದು ಬೇರೆ.

ಎರಡನೆಯದು ಅಳತೆಯ ತೊಡಕು. ಯುರೋಪಿನಲ್ಲಿ ನೂರು ಗ್ರಾಮಿಗೆ ಅಥವಾ ನೂರು ಮಿಲಿಲೀಟರಿಗೆ ಅರ್ಧ ಗ್ರಾಂ ಮೀರದಿದ್ದರೆ ಮಾತ್ರ ಸಕ್ಕರೆರಹಿತ ಎನ್ನಬಹುದು. ಹಾಗಾಗಿ ಎರಡು ಡಬ್ಬಿಗಳನ್ನು ಹೋಲಿಸುವುದು ಸುಲಭ. ಅಮೆರಿಕದಲ್ಲಿ ಲೆಕ್ಕ ಹಿಡಿಯುವುದು ಒಂದು ‘ಸರ್ವಿಂಗ್’ಗೆ, ಅಂದರೆ ಒಂದು ಸಲಕ್ಕೆ ಬಳಸುವ ಪ್ರಮಾಣಕ್ಕೆ, ಮತ್ತು ಆ ಸರ್ವಿಂಗ್ ಎಷ್ಟೆಂಬುದು ಕೋಷ್ಟಕದ ಮೇಲ್ತುದಿಯಲ್ಲಿರುತ್ತದೆ. ಮೊದಲು ಅದನ್ನು ಓದಿ. ಪುಡಿಯ ಪೊಟ್ಟಣಗಳಲ್ಲಿ ಸಿಹಿ ವಸ್ತು ಚಿಟಿಕೆಯಷ್ಟೂ ಇರುವುದಿಲ್ಲ, ಏಕೆಂದರೆ ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಪೊಟ್ಟಣ ತುಂಬಲು ಹಾಕುವುದು ಡೆಕ್ಸ್‌ಟ್ರೋಸ್ ಅಥವಾ ಮಾಲ್ಟೊಡೆಕ್ಸ್‌ಟ್ರಿನ್. ಡೆಕ್ಸ್‌ಟ್ರೋಸ್ ಎಂದರೆ ಗ್ಲೂಕೋಸೇ. ಒಂದು ಸರ್ವಿಂಗ್‌ನಲ್ಲಿ ಐದು ಕ್ಯಾಲರಿಗಿಂತ ಕಡಿಮೆಯಿದ್ದರೆ ಅಮೆರಿಕದ ನಿಯಮದಂತೆ ಸೊನ್ನೆ ಎಂದು ಮುದ್ರಿಸಬಹುದು. ಚಹಾಕ್ಕೆ ಒಂದು ಪೊಟ್ಟಣ ಹಾಕಿದರೆ ಚಿಂತೆಯಿಲ್ಲ. ಆದರೆ ಅದೇ ಪುಡಿಯ ದೊಡ್ಡ ಚೀಲ ತಂದು ಪಾಯಸಕ್ಕೆ ಬಟ್ಟಲು ತುಂಬ ಸುರಿದರೆ, ಸೊನ್ನೆಯೆಂದು ತಿಳಿದದ್ದರಲ್ಲಿ ಇಪ್ಪತ್ತು ಗ್ರಾಂ ಮೀರಿದ ಕಾರ್ಬೋಹೈಡ್ರೇಟ್ ಇರುತ್ತದೆ. ಗುಳಿಗೆಯಲ್ಲಿ ಈ ತುಂಬುವಸ್ತು ಬಹಳ ಕಡಿಮೆ. ನಾನು ಗುಳಿಗೆಯನ್ನೇ ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ಹೆಸರಿನಲ್ಲಿ ‘ಬ್ಲೆಂಡ್’ ಎಂದಿರುವ ಚೀಲಗಳಲ್ಲಿ ಅನೇಕವು ನಿಜವಾದ ಸಕ್ಕರೆಗೆ ಸಿಹಿಕಾರಕ ಬೆರೆಸಿದವು, ಅವನ್ನು ಕೊಳ್ಳಲೇಬೇಡಿ.

ಸಿಹಿ ಯಾವುದನ್ನು ಹಾಕಿದರೂ ಹುಗ್ಗಿಯ ಗೋಧಿಯಾಗಲಿ ಹೋಳಿಗೆಯ ಕಣಕವಾಗಲಿ ರಕ್ತದ ಸಕ್ಕರೆಯನ್ನು ಏರಿಸಿಯೇ ಏರಿಸುತ್ತವೆ ಎಂಬುದನ್ನೂ ಇಲ್ಲೇ ಹೇಳಬೇಕು. ಮಧುಮೇಹಿಗಳಿಗೆಂದು ಮಾರುವ ಚಾಕೊಲೇಟ್, ಬಿಸ್ಕತ್ತುಗಳಲ್ಲಿ ಮಾಲ್ಟಿಟಾಲ್ ಎಂಬ ಸಿಹಿಕಾರಕ ಇದ್ದರೆ ಕೆಳಗಿಡಿ. ಅದು ಸಕ್ಕರೆಯಷ್ಟಲ್ಲದಿದ್ದರೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ.

ಭಾಷೆ ಬಾರದ ದೇಶದಲ್ಲಿ ಮೊಬೈಲ್ ಕ್ಯಾಮೆರಾ ಹಿಡಿದರೆ ಅಕ್ಷರವನ್ನು ಅನುವಾದಿಸುವ ಆ್ಯಪ್ ಬಳಸಿ. ಹೊರಡುವ ಮೊದಲೇ ಮಕ್ಕಳಿಂದ ಹಾಕಿಸಿಕೊಳ್ಳಿ. ಅರಬ್ ದೇಶಗಳಲ್ಲಿ ‘ಬಿದೂನ್ ಸುಕ್ಕರ್’ ಎಂದರೆ ಸಕ್ಕರೆ ಬೇಡವೆಂದು ಅರ್ಥವಾಗುತ್ತದೆ.

ಪಾನೀಯಗಳು

ಭಾರತ, ಅಮೆರಿಕ, ಇಂಗ್ಲೆಂಡಿನಲ್ಲಿ ಡಯೆಟ್ ಕೋಕ್ ಎನ್ನುವುದಕ್ಕೆ ಯುರೋಪಿನ ಬಹುಪಾಲು ದೇಶಗಳಲ್ಲಿ ಕೋಕಾಕೋಲಾ ಲೈಟ್ ಎಂಬ ಹೆಸರಿದೆ. ಜೀರೋ ಎಂಬುದು ಹೆಚ್ಚುಕಡಿಮೆ ಎಲ್ಲ ಕಡೆ ಸಿಗುತ್ತದೆ. ಪೆಪ್ಸಿ ಮ್ಯಾಕ್ಸ್ ಎಂದು ಇಂಗ್ಲೆಂಡಿನಲ್ಲಿ ಮಾರುವುದೂ ಸಕ್ಕರೆರಹಿತವೇ. ಟಾನಿಕ್ ವಾಟರ್ ಮಾತ್ರ ಸೋಡಾದಂತೆ ಕಂಡರೂ ಸಕ್ಕರೆ ತುಂಬಿದ್ದು. ನಮ್ಮ ಸಾದಾ ಸೋಡಾ ಬೇಕಿದ್ದರೆ ಸೋಡಾ ವಾಟರ್ ಅಥವಾ ಸ್ಪಾರ್ಕ್ಲಿಂಗ್ ವಾಟರ್ ಕೇಳಿ. ಹೋಟೆಲ್‌ಗಳಲ್ಲಿ ಯಂತ್ರದಿಂದ ಲೋಟಕ್ಕೆ ಹಿಡಿದು ಕೊಡುವುದನ್ನು ನಂಬಬೇಡಿ, ಡಯೆಟ್ ಆಗಲಿ ಸಕ್ಕರೆಯದ್ದಾಗಲಿ ಕಾಣುವುದಕ್ಕೆ ಎರಡೂ ಒಂದೇ ಬಣ್ಣ. ಮುಚ್ಚಿದ ಕ್ಯಾನನ್ನೇ ಕೇಳಿ ಪಡೆದು ನಿಮ್ಮ ಕೈಯಿಂದ ತೆರೆಯಿರಿ.

ಸಿಂಗಪುರದಲ್ಲಿ ಕೆಲಸ ಬಹಳ ಹಗುರ. 2022ರ ಡಿಸೆಂಬರ್ ಕೊನೆಯಿಂದ ಅಲ್ಲಿನ ಪ್ಯಾಕ್ ಮಾಡಿದ ಪಾನೀಯಗಳಿಗೆ ಎ ಇಂದ ಡಿ ವರೆಗೆ ದರ್ಜೆಯಿದ್ದು (ಎ ಎಲ್ಲಕ್ಕಿಂತ ಒಳ್ಳೆಯದು, ಡಿ ಕೊನೆಯದು), ಸಿ ಮತ್ತು ಡಿ ದರ್ಜೆಯವುಗಳ ಮೇಲೆ ಗುರುತು ಇರಲೇಬೇಕು. ಸಿಹಿಕಾರಕ ಹಾಕಿದ ಡಯೆಟ್ ಪಾನೀಯಕ್ಕೆ ಎ ಸಿಗುವುದಿಲ್ಲ. ಬಿ ಎಂದು ಕಂಡರೆ ಗಾಬರಿ ಬೇಡ. ಅಲ್ಲಿನ ಕಾಫಿ ಅಂಗಡಿಯಲ್ಲಿ ಬರಿದೇ ‘ಕೊಪಿ’ ಎಂದರೆ ಸಿಹಿಗಟ್ಟಿದ ಹಾಲು ಹಾಕಿಕೊಡುತ್ತಾರೆ, ‘ಕೊಪಿ ಸಿ ಕೊಸೊಂಗ್’ ಎಂದರೆ ಹಾಲಿದ್ದು ಸಕ್ಕರೆ ಇಲ್ಲದ್ದು ಬರುತ್ತದೆ. ದುಬೈಯ ಕರಕ್ ಚಹಾವನ್ನು ಸಾಮಾನ್ಯವಾಗಿ ಸಿಹಿ ಸೇರಿಸಿಯೇ ಕಾಯಿಸಿರುತ್ತಾರೆ, ಆಮೇಲೆ ‘ಸಕ್ಕರೆ ಕಡಿಮೆ’ ಎಂದು ಹೇಳಿ ಪ್ರಯೋಜನವಿಲ್ಲ. ಅರಬರ ಕಾಫಿಯಾದ ಖಾವಾ ಸಕ್ಕರೆಯಿಲ್ಲದ್ದು, ಜೊತೆಗಿಡುವ ಖರ್ಜೂರದ ಮೇಲೆ ಕೈ ಹತೋಟಿಯಲ್ಲಿರಲಿ.

ಎಷ್ಟು ಕುಡಿಯಬಹುದು? ಆಸ್ಪರ್ಟೇಮ್ ‘ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ’ ಪಟ್ಟಿಗೆ 2023ರ ಜುಲೈನಲ್ಲಿ ಸೇರಿತೆಂಬ ಸುದ್ದಿ ನಿಮ್ಮ ಮೊಬೈಲಿಗೂ ಬಂದಿರಬಹುದು. ಅದೇ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿ ದೇಹದ ತೂಕದ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿತು. 70 ಕಿಲೋ ತೂಕದವರು ಆ ಮಿತಿ ದಾಟಲು ದಿನಕ್ಕೆ ಒಂಬತ್ತು ಕ್ಯಾನಿಗಿಂತ ಹೆಚ್ಚು ಕುಡಿಯಬೇಕು. ಹಾಗಿದ್ದರೂ ದಿನಕ್ಕೊಂದೇ ಸಾಕು ಎಂಬುದು ನನ್ನ ಸಲಹೆ. ಬಾಯಾರಿಕೆಗೆ ನೀರು, ಊಟಕ್ಕೆ ಉಪ್ಪು ಹಾಕಿದ ಮಜ್ಜಿಗೆ ಎಲ್ಲ ದೇಶದಲ್ಲೂ ಮನೆಯಲ್ಲೇ ಆಗುತ್ತದೆ.

ಲೋ ಶುಗರ್ ಆದಾಗ

ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ ತೀರ ಇಳಿದು ಕೈಕಾಲು ನಡುಗಿ ಬೆವರು ಬಂದರೆ ಡಯೆಟ್ ಪಾನೀಯವಾಗಲಿ ಸಿಹಿ ಗುಳಿಗೆಯಾಗಲಿ ಕೆಲಸಕ್ಕೆ ಬರುವುದಿಲ್ಲ, ನಿಜವಾದ ಸಕ್ಕರೆಯೇ ಬೇಕು. 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಇಂಗ್ಲೆಂಡಿನಲ್ಲಿ ಇದಕ್ಕೆ ಬಳಸುತ್ತಿದ್ದ ಗ್ಲೂಕೋಸ್ ಪಾನೀಯ ಲುಕೋಜೇಡ್‌ನ ಸಕ್ಕರೆಯನ್ನು 2017ರಲ್ಲಿ ಸುಮಾರು ಅರ್ಧಕ್ಕೆ ಇಳಿಸಿದರು; ಹಳೆಯ ಲೆಕ್ಕದಲ್ಲಿ ಎರಡು ಗುಟುಕು ಕುಡಿಸಿ ಸುಮ್ಮನಾದರೆ ಸಾಲದು. ಔಷಧಿ ಅಂಗಡಿಯಲ್ಲಿ ಡೆಕ್ಸ್‌ಟ್ರೋಸ್ ಗುಳಿಗೆ ಕೊಂಡು ಒಂದು ಪೊಟ್ಟಣ ಜೇಬಿನಲ್ಲಿ, ಇನ್ನೊಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಡಿ. ಅದು ಸಿಹಿ ಗುಳಿಗೆಯ ಡಬ್ಬಿಯ ಪಕ್ಕದಲ್ಲಿ ಇರಬಾರದು, ಏಕೆಂದರೆ ಗಾಬರಿಯಲ್ಲಿ ಓಡಿಬಂದ ಸೊಸೆಗೋ ಮೊಮ್ಮಗನಿಗೋ ಲೇಬಲ್ ಓದುವಷ್ಟು ಹೊತ್ತು ಇರುವುದಿಲ್ಲ.