ಊಟದ ಭಯದ ಬಗ್ಗೆ ಒಂದು ಭಿತ್ತಿಪತ್ರ: ನನ್ನ ಅನುಭವ

ವಿದ್ಯಾರ್ಥಿನಿಯರ ಹಾಸ್ಟೆಲ್ ಒಂದಕ್ಕೆ ಆಹಾರ ಸೇವನೆಯ ಕಾಯಿಲೆಗಳ ಕುರಿತು ಭಿತ್ತಿಪತ್ರ ರೂಪಿಸಲು ಒಪ್ಪಿಕೊಂಡಾಗ ನಾನು ಮೊದಲು ಬರೆದ ಶೀರ್ಷಿಕೆ ‘ತೆಳ್ಳಗಾಗುವ ಹುಚ್ಚು ಬಿಡಿ’ ಎಂಬುದಾಗಿತ್ತು. ಅದರ ಕೆಳಗೆ, ಎಲುಬು ಎದ್ದು ಕಾಣುವ ಹುಡುಗಿಯೊಬ್ಬಳು ಕನ್ನಡಿಯ ಮುಂದೆ ನಿಂತ ಚಿತ್ರವಿತ್ತು. ಕರಡು ನೋಡಿದ ಆಪ್ತಸಮಾಲೋಚಕಿಯೊಬ್ಬರು ಎರಡನ್ನೂ ತೆಗೆಯಲು ಹೇಳಿದರು. ಕಾಯಿಲೆಯಲ್ಲಿರುವವಳಿಗೆ ಆ ದೇಹ ಎಚ್ಚರಿಕೆಯಾಗಿ ಕಾಣದೆ ತಾನೂ ಮುಟ್ಟಬೇಕಾದ ಗುರಿಯಾಗಿ ಕಾಣಬಹುದು, ‘ಹುಚ್ಚು’ ಎಂಬ ಮಾತಂತೂ ಅವಳ ಬಾಯನ್ನೇ ಕಟ್ಟಿಬಿಡುತ್ತದೆ ಎಂದರು. ತೂಕದ ಅಂಕಿ, ಕ್ಯಾಲೊರಿ ಲೆಕ್ಕ, ತಿಂದದ್ದನ್ನು ಹೊರಹಾಕುವ ವಿಧಾನಗಳ ವಿವರ ಇವು ಕೂಡ ಅದೇ ಕಾರಣಕ್ಕೆ ಹೋದವು. ಕಷ್ಟಪಟ್ಟು ಕೂಡಿಹಾಕಿದ್ದರಲ್ಲಿ ಅರ್ಧದಷ್ಟು ಉಳಿಯಲಿಲ್ಲ, ಉಳಿಯಬಾರದಿತ್ತು ಕೂಡ.

ಹೆಚ್ಚು ದಿನ ಹಿಡಿದದ್ದು ಭಾಷೆ. ತೂಕ ಏರುವ ಭಯದಿಂದ ಊಟವನ್ನು ಬಿಡುತ್ತಾ ಹೋಗುವ ಅನೊರೆಕ್ಸಿಯಾ, ಮಿತಿಮೀರಿ ತಿಂದು ಅದನ್ನು ಹೊರಹಾಕುವ ಬುಲಿಮಿಯಾ ಎಂಬ ಹೆಸರುಗಳಿಗೆ ನಮ್ಮ ದಿನಬಳಕೆಯ ಕನ್ನಡದಲ್ಲಿ ಪದಗಳಿಲ್ಲ. ಮನೆಯಲ್ಲಿ ‘ಸರಿಯಾಗಿ ಉಣ್ಣುವುದಿಲ್ಲ’ ಎನ್ನುತ್ತೇವೆ, ಗೆಳತಿಯರು ‘ಡಯಟ್’ ಎನ್ನುತ್ತಾರೆ. ಊಟ ಬಿಡುವವಳು ‘ಇವತ್ತು ಒಪ್ಪತ್ತು’ ಎಂದುಬಿಟ್ಟರೆ ಯಾರೂ ಮುಂದೆ ಕೇಳುವುದಿಲ್ಲ. ವ್ರತದ ಒಪ್ಪತ್ತು ಮರುದಿನಕ್ಕೆ ಮುಗಿಯುತ್ತದೆ, ಕಾಯಿಲೆಯ ಒಪ್ಪತ್ತಿಗೆ ಮರುದಿನವೇ ಇಲ್ಲ. ಬ್ರಿಟನ್ನಿನಲ್ಲಿ 1999ರಲ್ಲಿ ಪ್ರಕಟವಾದ ಈ ಕಾಯಿಲೆಗಳ ಸುಳಿವು ಹಿಡಿಯುವ ಸ್ಕಾಫ್ ಎಂಬ ಪ್ರಶ್ನಾವಳಿ ಕೇವಲ ಐದು ನೇರ ಪ್ರಶ್ನೆಗಳದ್ದು. ಅದನ್ನು ಓದಿದ ಮೇಲೆ ಆಜ್ಞೆಯನ್ನು ಬಿಟ್ಟು ಪ್ರಶ್ನೆಯನ್ನೇ ಹಿಡಿದೆ: ‘ಊಟದ ಹೊತ್ತಾದರೆ ಭಯವಾಗುತ್ತಿದೆಯೆ?’

ಲಕ್ಷಣಗಳಲ್ಲಿ ಮುಟ್ಟು ನಿಲ್ಲುವುದು, ಸದಾ ಚಳಿ, ತಲೆಸುತ್ತು, ಹಲ್ಲಿನ ಎನಾಮಲ್ ಸವೆಯುವುದು ಇವಿಷ್ಟನ್ನು ಉಳಿಸಿಕೊಂಡೆ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ಏರುಪೇರಾಗಬಹುದಾದ್ದರಿಂದ, ವೈದ್ಯರನ್ನು ತಡಮಾಡದೆ ಕಾಣಬೇಕೆಂಬ ಸಾಲನ್ನು ಬೇರೆ ಬಣ್ಣದಲ್ಲಿಟ್ಟೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಅನೊರೆಕ್ಸಿಯಾ ಎಂದು ಗುರುತಿಸಲು ಮುಟ್ಟು ನಿಂತಿರಲೇಬೇಕೆಂಬ ನಿಯಮವನ್ನು ಕೈಬಿಟ್ಟಿತು. ಬುಲಿಮಿಯಾ ಇರುವ ಅನೇಕರ ತೂಕ ಸಾಮಾನ್ಯವಾಗಿಯೇ ಇರುತ್ತದೆ. ಆದ್ದರಿಂದ ‘ನೋಡಿದರೆ ಗೊತ್ತಾಗಲೇಬೇಕೆಂದಿಲ್ಲ’ ಎಂದು ಸೇರಿಸಿದೆ. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಅತಿ ಮುಖ್ಯವಾದ ಸಾಲು ಇದೇ.

ಎ3 ಅಳತೆಯ ಮೊದಲ ಮುದ್ರಣದಲ್ಲಿ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಗಳಿಗೆ ತಾಗಿ ಓದಲು ತೊಡಕಾಯಿತು. ಸಾಲುಗಳ ನಡುವೆ ಜಾಗ ಹೆಚ್ಚಿಸಿ ಎರಡು ವಾಕ್ಯಗಳನ್ನು ಬಿಟ್ಟುಕೊಟ್ಟೆ. ಕೆಳಭಾಗದಲ್ಲಿ ಅತಿ ದೊಡ್ಡ ಅಕ್ಷರಗಳಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸೇವೆ, ಕನ್ನಡದಲ್ಲಿಯೂ ಹಗಲಿರುಳು ದೊರೆಯುತ್ತದೆ. ಹಾಳೆಯನ್ನು ಸೂಚನಾ ಫಲಕದಲ್ಲಿ ಹಾಕಿದರೆ ಅದರ ಮುಂದೆ ನಿಲ್ಲುವವಳನ್ನು ಎಲ್ಲರೂ ನೋಡುತ್ತಾರೆ. ಹೀಗಾಗಿ ಸ್ನಾನಗೃಹದ ಬಾಗಿಲುಗಳ ಒಳಬದಿಗೆ, ಕನ್ನಡಿಗೆ ಎದುರಾಗದ ಹಾಗೆ ಅಂಟಿಸಲು ಕೇಳಿಕೊಂಡೆ.

ಗೋಡೆಗೆ ಬಂದ ಮೇಲೆ ವಿದ್ಯಾರ್ಥಿನಿಯೊಬ್ಬಳು ‘ಇದು ನನಗಲ್ಲ, ನನ್ನ ರೂಮ್‌ಮೇಟ್‌ಗೆ; ನಾನೇನು ಮಾಡಲಿ?’ ಎಂದು ಕೇಳಿದಳು. ಅವಳಿಗೆಂದು ನಾನು ಒಂದು ಸಾಲನ್ನೂ ಬರೆದಿರಲಿಲ್ಲ. ಎರಡನೆಯ ಮುದ್ರಣದಲ್ಲಿ ಹೀಗೆ ಸೇರಿಸಿದ್ದೇನೆ: ‘ಸೊರಗಿದ್ದೀಯ, ದಪ್ಪಗಾಗಿದ್ದೀಯ ಎನ್ನಬೇಡಿ. ಹೇಗಿದ್ದೀಯ ಎಂದು ಕೇಳಿ, ಉತ್ತರ ಬರುವವರೆಗೆ ಪಕ್ಕದಲ್ಲಿ ಕೂತಿರಿ.’